ಕಪ್ಪು ಕಾರಿನ ಮೇಲೆ ಜೇಡರ ಬಲೆ

ಮಕ್ಕಳೇ, ಮಕ್ಕಳ ತಾತ-ಅಜ್ಜಿಯರೇ,

ಈ ವಾರ ನನ್ನದೇ ಒಂದು ತಪ್ಪಿನ ಕಥೆ ಹೇಳುತ್ತೇನೆ. ರಾಮನಗರ, ಕನಕಪುರ, ಮಾಗಡಿ ಎಂದು ಊರೂರು ಸುತ್ತಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಲೆಡ್ಜರು ಬಿಟ್ಟು ಏಳುತ್ತಿರಲಿಲ್ಲ. ಅಂಥವನಿಗೆ ಚನ್ನಪಟ್ಟಣದ ನಮ್ಮ ಮನೆಯ ಗೇಟಿನೊಳಗೇ, ನನ್ನ ಕೈಯಿಂದಲೇ, ದಿನಾ ಬೆಳಿಗ್ಗೆ ಆಗುತ್ತಿದ್ದ ತಪ್ಪು ಎರಡು ವರ್ಷ ಕಾಣಲಿಲ್ಲ.

ಎರಡು ವರ್ಷದ ಹಿಂದೆ ನನ್ನ ಮಗ ಕಾರು ಕೊಂಡ. ಕಪ್ಪು ಬಣ್ಣದ್ದು. "ಕಪ್ಪು ಯಾಕೋ, ಧೂಳೆಲ್ಲ ಎದ್ದು ಕಾಣುತ್ತೆ" ಎಂದಳು ನಮ್ಮ ಮನೆಯವಳು. "ಕಪ್ಪಿಗೆ ಇರೋ ಗತ್ತು ಬೇರೆ ಬಣ್ಣಕ್ಕೆ ಎಲ್ಲಿ ಬರುತ್ತಮ್ಮ?" ಎಂದ ಮಗ. ಇಬ್ಬರ ಮಾತೂ ನಿಜವೇ. ಅವಳ ಮಾತು ಸುಳ್ಳಾಗಲಿ ಎಂದು ನಾನು ದಿನಾ ಬೆಳಿಗ್ಗೆ ಆರು ಗಂಟೆಗೆ, ಹಾಲು ತಂದಿಟ್ಟು, ಹಳೇ ಬನಿಯನ್ ಬಟ್ಟೆ ಹಿಡಿದು ಕಾರಿನ ಧೂಳು ಒರೆಸುತ್ತಿದ್ದೆ. ನೀರು ಯಾಕೆ ದಂಡ ಎಂದು ಒಣಬಟ್ಟೆಯಲ್ಲೇ. ಮುಂದಿನ ಬಾನೆಟ್ಟಿನಿಂದ ಹಿಂದಿನ ಡಿಕ್ಕಿಯವರೆಗೆ, ಮೇಲಿನ ಛಾವಣಿಯನ್ನೂ ಬಿಡದೆ. "ಏನ್ ಸ್ವಾಮಿ, ಕಾರನ್ನ ಕನ್ನಡಿ ಥರ ಇಟ್ಟಿದ್ದೀರಲ್ಲ!" ಎಂದು ವಾಕಿಂಗ್ ಹೋಗುವವರು ಹೇಳಿದರೆ ನನಗೆ ಎರಡು ಇಡ್ಲಿ ಜಾಸ್ತಿ ಸೇರುತ್ತಿತ್ತು.

ಈ ಸಲ ಆಯುಧಪೂಜೆಯ ಹಿಂದಿನ ಸಂಜೆ. ಕಾರು ತೊಳೆದು ನಿಲ್ಲಿಸಿದ್ದೆವು. ಗೇಟಿನ ಮೇಲೆ ಮಗ ಹೊಸ ಎಲ್‌ಇಡಿ ಬಲ್ಬು ಹಾಕಿ ಸ್ವಿಚ್ ಒತ್ತಿದ. ಬಾನೆಟ್ಟಿನ ಮೇಲೆ ಬಲ್ಬಿನ ಬಿಂಬ ಬಿತ್ತು. ಅದರ ಸುತ್ತಲೂ ಕೂದಲಿಗಿಂತ ಸಣ್ಣ ಗೆರೆಗಳು, ಸುತ್ತು ಸುತ್ತಾಗಿ, ಜೇಡ ಬಲೆ ಕಟ್ಟಿದ ಹಾಗೆ. ಒಂದಲ್ಲ ಎರಡಲ್ಲ, ಸಾವಿರಾರು.

"ಯಾರು ಮಾಡಿದ್ದು ಇದು?" ಎಂದ ಮಗ.

ಎಲ್ಲರ ಕಣ್ಣೂ ಮೊಮ್ಮಗನ ಕಡೆ ಹೋಯಿತು. ಕಾರಣವಿತ್ತು. ನಾಲ್ಕು ದಿನದ ಹಿಂದೆ ಅವನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್ ತಂದು ಕಾರನ್ನು ತಿಕ್ಕುತ್ತಿದ್ದಾಗ ಅಜ್ಜಿಯ ಕೈಗೆ ಸಿಕ್ಕಿಬಿದ್ದಿದ್ದ.

"ಹಿಂದಿನ ಬಾಗಿಲ ಮೇಲೆ ಕಾಗೆ ಹಿಕ್ಕೆ ಇತ್ತು ಅಪ್ಪ. ಅಲ್ಲಿ ಮಾತ್ರ ಉಜ್ಜಿದ್ದು" ಎಂದ ಹುಡುಗ.

"ಮಾಡೋದೆಲ್ಲ ಮಾಡಿ ಸುಳ್ಳು ಬೇರೆ. ಇನ್ನು ಕಾರಿನ ಹತ್ತಿರ ಸುಳಿಯಬೇಡ" ಎಂದುಬಿಟ್ಟ ಮಗ.

ಹುಡುಗ ಅಳಲಿಲ್ಲ. ಒಳಗೆ ಹೋದ. ಮಾರನೆಯ ದಿನ ಪೂಜೆಗೆ ತನ್ನ ಸೈಕಲ್ಲಿಗೆ ಕುಂಕುಮ ಇಡಲೂ ಹೊರಗೆ ಬರಲಿಲ್ಲ. ಕಡಲೆಪುರಿಯ ತಟ್ಟೆ ಹಾಗೇ ಇತ್ತು.

ಅಂದು ಬೆಳಿಗ್ಗೆ ಆರಕ್ಕೆ ಅಭ್ಯಾಸದಂತೆ ಬಟ್ಟೆ ಹಿಡಿದು ನಾನು ಹೊರಗೆ ಬಂದಿದ್ದೆ. ಬಲ್ಬು ಇನ್ನೂ ಉರಿಯುತ್ತಿತ್ತು. ಛಾವಣಿ ಒರೆಸಲು ಕೈ ಎತ್ತಿದಾಗ ನೋಡುತ್ತೇನೆ, ಛಾವಣಿಯ ನಟ್ಟನಡುವೆಯೂ ಅದೇ ಬಲೆ. ಮೊಮ್ಮಗ ಐದನೇ ಕ್ಲಾಸು. ತುದಿಗಾಲಲ್ಲಿ ನಿಂತರೂ ಅವನ ಕೈ ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ದಿನಾ ಅಲ್ಲಿಗೆ ಮುಟ್ಟುವ ಕೈ ಒಂದೇ. ಆ ಕೈಯಲ್ಲಿ ಬನಿಯನ್ ಬಟ್ಟೆ ಇತ್ತು.

ಆಗಲೇ ಹೋಗಿ ಮಗನಿಗೆ ಹೇಳಬೇಕಿತ್ತು. ಹಬ್ಬದ ದಿನ ಯಾಕೆ ರಾದ್ಧಾಂತ, ಖಚಿತವಾಗಿ ಗೊತ್ತೂ ಇಲ್ಲವಲ್ಲ ಎಂದು ಸುಮ್ಮನಾದೆ.

ಹಬ್ಬ ಮುಗಿದ ಮೇಲೆ ಮಗ ಕಾರನ್ನು ರಾಮನಗರದ ಒಂದು ಪಾಲಿಶ್ ಅಂಗಡಿಗೆ ತಂದ. ಕೆಲಸ ನೋಡಿಕೊಳ್ಳಲು ನನ್ನನ್ನು ಅಲ್ಲೇ ಬಿಟ್ಟು ತಾನು ಬಸ್ಸು ಹತ್ತಿದ. ದಸರಾ ರಜೆ, ಮನೆಯಲ್ಲಿ ಮಂಕಾಗಿ ಕೂತಿದ್ದ ಮೊಮ್ಮಗನನ್ನು ನಾನೇ ಜೊತೆಗೆ ಹೊರಡಿಸಿದ್ದೆ.

ಅಂಗಡಿಯ ಹುಡುಗನಿಗೆ ಇಪ್ಪತ್ತೈದು ಇರಬಹುದು. ಟಾರ್ಚ್ ಹಾಕಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಇವಕ್ಕೆ ಸ್ವರ್ಲ್ ಮಾರ್ಕ್ ಅಂತೀವಿ ಸರ್. ಸುಳಿ ಗೆರೆ. ಒಂದು ದಿನದಲ್ಲಿ ಆಗಿದ್ದಲ್ಲ. ಯಾರೋ ದಿನಾ ಒಣಬಟ್ಟೇಲಿ ಧೂಳು ಒರೆಸ್ತಾರೆ" ಎಂದ. ಹಿಂದಿನ ಬಾಗಿಲ ಹತ್ತಿರ ಬಗ್ಗಿ, "ಇಲ್ಲಿ ಮಾತ್ರ ಅಂಗೈಯಗಲ ಸ್ಕ್ರಬ್ಬರ್ ಹಾಕಿದ್ದಾರೆ. ಇದು ಬೇರೆ ಥರ, ಮಬ್ಬಾಗಿದೆ ನೋಡಿ" ಎಂದ.

ಮೊಮ್ಮಗ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಸ್ವಲ್ಪ ಹೊತ್ತಾದ ಮೇಲೆ ಅವನೇ ಕೇಳಿದ: "ಬಟ್ಟೆ ಮೆತ್ತಗಿರುತ್ತಲ್ಲ ತಾತ, ಅದರಿಂದ ಹೇಗೆ ಗೀರು ಬೀಳುತ್ತೆ?"

ಒಳ್ಳೆಯ ಪ್ರಶ್ನೆ. ಗೀರುವುದು ಬಟ್ಟೆಯಲ್ಲ, ಬಟ್ಟೆಗೆ ಅಂಟಿದ ಧೂಳು. ನಮ್ಮ ಧೂಳು ಎಂಥದ್ದು ಗೊತ್ತೇ? ರಾಮನಗರದ ಸುತ್ತ ನಿಂತಿರುವ ಬಂಡೆ ಬೆಟ್ಟಗಳನ್ನು ನೋಡಿದ್ದೀರಿ, ಷೋಲೆ ಸಿನಿಮಾದಲ್ಲಾದರೂ. ಅದು ಗ್ರಾನೈಟ್ ಕಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂದು ಹೆಸರಿದ್ದುದರಿಂದ ಭೂವಿಜ್ಞಾನಿಗಳು ಅದನ್ನು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಆ ಕಲ್ಲಿನೊಳಗೆ ಬೆಣಚು ಇದೆ. ಕಲ್ಲು ಸವೆದು ಮಣ್ಣಾದರೂ ಬೆಣಚಿನ ಕಣ ಮಾತ್ರ ಗಟ್ಟಿಯಾಗಿ ಉಳಿಯುತ್ತದೆ. ಗಾಳಿಯಲ್ಲಿ ಹಾರುತ್ತದೆ, ಕಾರಿನ ಮೇಲೆ ಕೂರುತ್ತದೆ.

ಯಾವ ಖನಿಜ ಎಷ್ಟು ಗಟ್ಟಿ ಎಂದು ಅಳೆಯಲು 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟರು. ವಜ್ರಕ್ಕೆ 10. ಬೆಣಚಿಗೆ 7. ಚಾಕುವಿನ ಉಕ್ಕು ಐದೂವರೆಯ ಆಸುಪಾಸು. ಕಾರಿನ ಮೈಮೇಲಿನ ಪದರವೋ ಒಂದು ಬಗೆಯ ಪ್ಲಾಸ್ಟಿಕ್, ಬೆಣಚಿನ ಮುಂದೆ ಬೆಣ್ಣೆ. ಅಂದರೆ ಎರಡು ವರ್ಷ ನಾನು ದಿನಾ ಬೆಳಿಗ್ಗೆ ಕಾರಿಗೆ ಉಪ್ಪುಕಾಗದ ಹಾಕುತ್ತಿದ್ದೆ, ಪ್ರೀತಿಯಿಂದ.

"ಮತ್ತೆ ಗೆರೆ ಯಾಕೆ ಸುತ್ತಗಿದೆ? ನೀವು ಉದ್ದಕ್ಕೆ ಒರೆಸ್ತಿದ್ರಿ" ಎಂದ. "ನೀವು" ಎಂದಿದ್ದನ್ನು ಗಮನಿಸಿದಿರಾ? ಹುಡುಗನಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

ಅಂಗಡಿಯ ಹುಡುಗ ಟಾರ್ಚನ್ನು ಅವನ ಕೈಗೆ ಕೊಟ್ಟು, "ಅಲ್ಲಾಡಿಸಿ ನೋಡು" ಎಂದ. ಟಾರ್ಚ್ ಎಲ್ಲಿಗೆ ಹೋದರೆ ಸುಳಿಯೂ ಅಲ್ಲಿಗೇ ಹೋಯಿತು! ಗೆರೆಗಳು ನಿಜವಾಗಿ ಎಲ್ಲ ದಿಕ್ಕಿಗೂ ಇರುತ್ತವೆ. ಆದರೆ ಬೆಳಕಿಗೆ ಅಡ್ಡಲಾಗಿ ಮಲಗಿದ ಗೆರೆ ಮಾತ್ರ ಬೆಳಕನ್ನು ನಮ್ಮ ಕಣ್ಣಿಗೆ ಎಸೆಯುತ್ತದೆ. ಬಲ್ಬಿನ ಸುತ್ತ ಹೀಗೆ ಅಡ್ಡ ಮಲಗಿದವೆಲ್ಲ ಸೇರಿ ಬಳೆಯಂತೆ ಕಾಣುತ್ತವೆ. ಮಕ್ಕಳೇ, ಇದನ್ನು ನೋಡಲು ಕಾರು ಬೇಕಿಲ್ಲ. ರಾತ್ರಿ ದೀಪ ಆರಿಸಿ, ಊಟದ ಹಳೇ ಸ್ಟೀಲ್ ತಟ್ಟೆಯ ಮೇಲೆ ಟಾರ್ಚ್ ಹಿಡಿಯಿರಿ. ಅಲ್ಲೂ ಜೇಡರ ಬಲೆ ಇದೆ.

ಕಪ್ಪು ಕಾರಿನಲ್ಲೇ ಯಾಕೆ ಇಷ್ಟು ಎದ್ದು ಕಾಣುತ್ತದೆ? ಸೀಮೆಸುಣ್ಣದ ಗೆರೆ ಕರಿಹಲಗೆಯ ಮೇಲೆ ಕಾಣುತ್ತದೆ, ಸುಣ್ಣ ಹೊಡೆದ ಗೋಡೆಯ ಮೇಲೆ ಕಾಣುವುದಿಲ್ಲವಲ್ಲ, ಹಾಗೆ. ಬಿಳಿ ಕಾರಿಗೂ ಅಷ್ಟೇ ಗೀರು ಬಿದ್ದಿರುತ್ತದೆ. ಸುತ್ತಲಿನ ಬಿಳುಪಿನಲ್ಲಿ ಆ ಮಿನುಗು ಮುಚ್ಚಿಹೋಗುತ್ತದೆ, ಅಷ್ಟೇ.

ಈಗ ತೆಗೆಯುವ ಕೆಲಸ. ಹುಡುಗ ಮೊದಲು ಕಾರನ್ನು ನೀರಿನಿಂದ ಚೆನ್ನಾಗಿ ತೊಳೆದ. ಆಮೇಲೆ ಹಿಟ್ಟಿನ ಉಂಡೆಯಂಥ ಒಂದು ಜೇಡಿಮಣ್ಣಿನ ಮುದ್ದೆಯನ್ನು ಸೋಪುನೀರಿನ ಜೊತೆ ಮೆಲ್ಲಗೆ ಆಡಿಸಿ, ಅಂಟಿಕೊಂಡಿದ್ದ ಕೊಳೆ ಎತ್ತಿದ. ನಂತರ ಪುಟ್ಟ ಮೀಟರೊಂದನ್ನು ಕಾರಿಗೆ ಒತ್ತಿ ಬಣ್ಣದ ದಪ್ಪ ನೋಡಿದ.

ಇಲ್ಲಿ ನನ್ನ ಬಿ.ಕಾಂ. ಉಪಯೋಗಕ್ಕೆ ಬಂತು. ಮೊದಲಿನ ಅಂಬಾಸಿಡರ್ ಕಾಲದಲ್ಲಿ ಕಾರಿಗೆ ಬಣ್ಣ ಎಂದರೆ ಬಣ್ಣ ಅಷ್ಟೇ. ಕಪ್ಪು ಕಾರಿಗೆ ಪಾಲಿಶ್ ಹಾಕಿದರೆ ಬಟ್ಟೆಯೆಲ್ಲ ಕಪ್ಪಾಗುತ್ತಿತ್ತು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರ ಇರುತ್ತದೆ, ಕ್ಲಿಯರ್ ಕೋಟ್. ಅದರ ದಪ್ಪ ಸಾಮಾನ್ಯವಾಗಿ 40-50 ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕೂದಲಿಗಿಂತ ತೆಳುವಾದ ಆ ಪದರದಲ್ಲೇ ಈ ಸುಳಿ ಗೆರೆಗಳೆಲ್ಲ ಇರುವುದು. ಪಾಲಿಶ್ ಎಂದರೆ ಗೀರಿನ ತಳ ಸಿಗುವವರೆಗೆ ಸುತ್ತಲಿನ ಪದರವನ್ನೇ ಸಮನಾಗಿ ಇಳಿಸುವುದು. ಪ್ರತಿ ಸಲ ಒಂದೆರಡರಿಂದ ನಾಲ್ಕೈದು ಮೈಕ್ರಾನ್ ಖರ್ಚು. ಇದು ಬರೀ ಡ್ರಾ ಮಾಡುವ ಖಾತೆ, ಜಮಾ ಮಾಡುವ ಹಾಗಿಲ್ಲ, ಬಡ್ಡಿಯೂ ಇಲ್ಲ. ವರ್ಷಕ್ಕೆರಡು ಸಲ ಪಾಲಿಶ್ ಹೊಡೆಸುವವರು ಅಸಲನ್ನೇ ತಿಂದು ಮುಗಿಸುತ್ತಾರೆ.

"ಮತ್ತೆ ನಮ್ಮ ಬೊಂಬೆಗಳಿಗೂ ಪಾಲಿಶ್ ಮಾಡ್ತಾರಲ್ಲ ತಾತ?" ಎಂದ ಮೊಮ್ಮಗ. ಚನ್ನಪಟ್ಟಣದ ಹುಡುಗ ಕೇಳಲೇಬೇಕಾದ ಪ್ರಶ್ನೆ.

ಅಲ್ಲಿ ಲೆಕ್ಕ ಬೇರೆ. ಆಲೆಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿದರೆ ಅದು ಸಮನಾಗಿ ಹರಡಿ ಮಿರಿಮಿರಿ ಮಿಂಚುತ್ತದೆ. ಈ ತಾಳೆ ಎಂದರೆ ಕೇದಗೆಯ ಜಾತಿಯದು. ಅಲ್ಲಿ ಗೀರು ಬಿದ್ದರೆ ಇನ್ನಷ್ಟು ಅರಗು ಒತ್ತಬಹುದು, ಜಮಾ ಮಾಡುವ ಖಾತೆ. ಅರಗು ಸಣ್ಣ ಕೀಟವೊಂದು ಮರದ ಕೊಂಬೆಯ ಮೇಲೆ ಬಿಡುವ ಅಂಟು. ಸಂಸ್ಕೃತದಲ್ಲಿ ಲಾಕ್ಷಾ. ಪಾಂಡವರನ್ನು ಸುಡಲು ದುರ್ಯೋಧನ ಕಟ್ಟಿಸಿದ ಅರಗಿನ ಮನೆ ಲಾಕ್ಷಾಗೃಹ. ಇಂಗ್ಲಿಷಿನ ಲ್ಯಾಕರ್ ಎಂಬ ಮಾತಿನ ಬೇರೂ ಅದೇ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಬ್ಯಾಂಕಿನಲ್ಲಿ ಹಣದ ಚೀಲಕ್ಕೆ, ವಿಮೆ ಮಾಡಿದ ಲಕೋಟೆಗೆ ಅರಗು ಕರಗಿಸಿ ಮೊಹರು ಒತ್ತುತ್ತಿದ್ದೆವು. ಬೆರಳು ಸುಟ್ಟುಕೊಂಡ ಗುರುತು ಈಗಲೂ ಇದೆ. ಅವನಿಗೆ ತೋರಿಸಿದೆ.

ಬೊಂಬೆಗೂ ಕಾರಿಗೂ ಹೊಳಪಿನ ಗುಟ್ಟು ಮಾತ್ರ ಒಂದೇ. ಮೈ ನುಣುಪಾಗಿದ್ದರೆ ಬೆಳಕು ಚದುರದೆ ನೇರವಾಗಿ ಮರಳುತ್ತದೆ. ಅದೇ ಹೊಳಪು.

ಅಷ್ಟರಲ್ಲಿ ಅಂಗಡಿಯ ಹುಡುಗ ಬಂದು ಕೇಳಿದ: "ಸರ್, ಎರಡು ಥರ ಮಾಡಬಹುದು. ಎಣ್ಣೆ-ಮೇಣ ಇರೋ ಪಾಲಿಶ್ ಹಚ್ಚಿದರೆ ಗೀರುಗಳೆಲ್ಲ ತುಂಬಿಕೊಂಡು ಮುಚ್ಚಿಹೋಗುತ್ತೆ. ಬೇಗ ಆಗುತ್ತೆ, ದುಡ್ಡೂ ಕಡಿಮೆ. ನಾಲ್ಕು ಸಲ ತೊಳೆದರೆ ಮತ್ತೆ ಕಾಣುತ್ತೆ. ಇಲ್ಲ, ಮೆಷಿನ್ ಹಾಕಿ ನಿಜವಾಗಿ ತೆಗೀಬೇಕಾ?"

ಮಾರ್ಚ್ ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ಚೆನ್ನಾಗಿ ಕಾಣಲಿ ಎಂದು ಅಲ್ಲಿದ್ದದ್ದನ್ನು ಇಲ್ಲಿಗೆ ಸರಿಸಿ ತೋರಿಸುವುದಕ್ಕೆ ನಾವು ವಿಂಡೋ ಡ್ರೆಸಿಂಗ್ ಎನ್ನುತ್ತಿದ್ದೆವು. ಏಪ್ರಿಲ್ ಬರುತ್ತಲೇ ಬಣ್ಣ ಬಯಲು.

"ಮುಚ್ಚೋದು ಬೇಡಪ್ಪ. ತೆಗೆದುಬಿಡು" ಎಂದೆ. ಹೇಳಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹುಡುಗನ ಕಡೆ ನೋಡಲು ನಾಚಿಕೆಯಾಯಿತು.

ಕೆಲಸ ಸಂಜೆಯವರೆಗೆ ನಡೆಯಿತು. ರಬ್ಬರು, ಪ್ಲಾಸ್ಟಿಕ್ ಇರುವ ಅಂಚಿಗೆಲ್ಲ ಟೇಪು ಅಂಟಿಸಿದ. ಮೊದಲು ಎರಡು ಅಂಗೈಯಷ್ಟು ಜಾಗದಲ್ಲಿ ಮಾತ್ರ, ಮೆತ್ತನೆಯ ಸ್ಪಂಜು, ಎಲ್ಲಕ್ಕಿಂತ ನಯವಾದ ಪಾಲಿಶ್ ಹಾಕಿ ನೋಡಿದ. ಅಷ್ಟರಲ್ಲೇ ಗೆರೆ ಹೋದರೆ ಅದಕ್ಕಿಂತ ಒರಟಾದದ್ದು ಹಾಕಬಾರದಂತೆ. ಮೆಷಿನ್ನನ್ನು ಒಂದೇ ಕಡೆ ನಿಲ್ಲಿಸದೆ ನಿಧಾನವಾಗಿ ಅಡ್ಡ ಒಂದು ಸಾಲು, ಉದ್ದ ಒಂದು ಸಾಲು ಓಡಿಸಿದ. ಅಂಚು, ಮೂಲೆಗಳಲ್ಲಿ ಪದರ ತೆಳುವಾಗಿರುವುದರಿಂದ ಅಲ್ಲಿ ಕೈ ಹಗುರ. ಒಮ್ಮೆ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಮತ್ತೆ ಕಾರಿಗೆ ಮುಟ್ಟಿಸಲಿಲ್ಲ, ಒಗೆಯುವ ಬುಟ್ಟಿಗೆ ಹಾಕಿದ. ಮುಗಿದ ಮೇಲೆ ಸ್ಪಿರಿಟ್ ಹಾಕಿ ಒರೆಸಿದ. ಎಣ್ಣೆ ಜಿಡ್ಡು ಏನಾದರೂ ಗೀರು ಮುಚ್ಚಿಕೊಂಡಿದ್ದರೆ ಆಗ ಗೊತ್ತಾಗುತ್ತದೆ. ಟಾರ್ಚ್ ಹಾಕಿದೆವು. ಬಲ್ಬು ಬಲ್ಬಿನಂತೆ ಒಂದೇ ಚುಕ್ಕೆಯಾಗಿ ಕಂಡಿತು. ಕೊನೆಗೆ ಮೇಣದ ಒಂದು ಕೈ. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆಯ ಎಲೆಯಿಂದ ಬರುವ ಮೇಣವಂತೆ. ನಮ್ಮ ಬೊಂಬೆಗೊಂದು ಎಲೆ, ಕಾರಿಗೊಂದು ಎಲೆ!

ಹಿಂದಿನ ಬಾಗಿಲ ಮೇಲೆ ಮಾತ್ರ ನಾಲ್ಕೈದು ಗೆರೆ ಉಳಿಯಿತು. ಉಗುರು ಆಡಿಸಿದರೆ ಉಗುರಿಗೆ ತಡೆಯುತ್ತಿತ್ತು. "ಉಗುರಿಗೆ ಸಿಗೋ ಗೀರು ಪಾಲಿಶಿಗೆ ಹೋಗಲ್ಲ ಸರ್. ಹೋಗಿಸೋಕೆ ಹೋದರೆ ಪದರವೇ ಹೋಗುತ್ತೆ. ಬಿಟ್ಟುಬಿಡಿ" ಎಂದ. ಮೊಮ್ಮಗ ತಲೆ ತಗ್ಗಿಸಿ, "ಅದು ನನ್ನದು" ಎಂದ. ಯಾರೂ ಕೇಳಿರಲಿಲ್ಲ. ಎಪ್ಪತ್ತು ದಾಟಿದ ನನ್ನಿಂದ ಮೂರು ದಿನ ಆಗದ ಮಾತನ್ನು ಹತ್ತು ವರ್ಷದವನು ಒಂದೇ ಉಸಿರಿಗೆ ಹೇಳಿದ್ದ.

ರಾತ್ರಿ ಊಟಕ್ಕೆ ಕೂತಾಗ ಮಗ, "ಚೆನ್ನಾಗಿ ಮಾಡಿದ್ದಾನೆ ಅಪ್ಪ. ಎಷ್ಟಾಯ್ತು?" ಎಂದ.

"ದುಡ್ಡು ನಾನೇ ಕೊಟ್ಟಿದ್ದೀನಿ. ಕೊಡಬೇಕಾದವನು ನಾನೇ" ಎಂದೆ. ಒಣಬಟ್ಟೆಯ ವಿಷಯ, ಛಾವಣಿಯ ವಿಷಯ, ಹಬ್ಬದ ಬೆಳಿಗ್ಗೆಯೇ ನನಗೆ ಅನುಮಾನ ಬಂದಿದ್ದು, ಬಂದೂ ಬಾಯಿ ಬಿಡದೇ ಇದ್ದದ್ದು, ಎಲ್ಲ ಹೇಳಿದೆ. ಮೊಮ್ಮಗನ ಎದುರಿಗೇ ಹೇಳಿದೆ.

ಮಗ ತುತ್ತು ಕೆಳಗಿಟ್ಟ. ನನಗೆ ಏನೂ ಅನ್ನಲಿಲ್ಲ. ಹುಡುಗನ ಕಡೆ ತಿರುಗಿ, "ನಿನ್ನ ಮಾತು ಕೇಳಬೇಕಿತ್ತು ಕಣೋ. ಸುಳ್ಳು ಅಂದಿದ್ದು ತಪ್ಪಾಯ್ತು" ಎಂದ.

ಹುಡುಗ ಸ್ವಲ್ಪ ಯೋಚಿಸಿ, "ತಾತನಿಗೆ ಬಯ್ಯೋದಿಲ್ವಾ?" ಎಂದು ಕೇಳಿದ.

"ಅದನ್ನ ನಾನು ನೋಡ್ಕೋತೀನಿ" ಎಂದಳು ಅಜ್ಜಿ. ಆ ಮಾತಿಗೆ ಮೂರು ದಿನದ ಮೇಲೆ ಅವನು ನಕ್ಕ.

ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು, ನೆರಳಿನಲ್ಲಿ ಕಾರಿನ ಸ್ನಾನ. ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ ಕಲಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಮೊದಲು ಮೇಲಿಂದ ನೀರು ಸುರಿದು ಧೂಳು ಇಳಿಸಬೇಕು. ಆಮೇಲೆ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯನ್ನು ಶಾಂಪೂ ನೀರಿನಲ್ಲಿ ಅದ್ದಿ ಛಾವಣಿಯಿಂದ ಕೆಳಕ್ಕೆ ಬರಬೇಕು. ಒಂದೊಂದು ಭಾಗ ಮುಗಿದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಬೇಕು. ಚಕ್ರಕ್ಕೆ ಬೇರೆ ಬಟ್ಟೆ, ಅದು ಕೊನೆಗೆ. ಬಟ್ಟೆ ಒಗೆಯುವ ಪುಡಿ ಬೇಡ, ಮೇಣವನ್ನೆಲ್ಲ ತೊಳೆದುಹಾಕುತ್ತದೆ. ಒಣಗಿಸುವಾಗ ದಪ್ಪ ಬಟ್ಟೆ ಹಾಸಿ ಒತ್ತಿ ನೀರು ಹೀರಿಸಬೇಕು, ಉಜ್ಜಬಾರದು. ಹಿಕ್ಕೆ ಬಿದ್ದರೆ ಒದ್ದೆಬಟ್ಟೆ ಐದು ನಿಮಿಷ ಹಾಕಿ, ನೆನೆದ ಮೇಲೆ ಮೆಲ್ಲಗೆ ಎತ್ತಬೇಕು.

ಮೊದಲ ಭಾನುವಾರ ಕೆಲಸ ಮುಗಿದ ಮೇಲೆ ಮೊಮ್ಮಗ ಜಾಲಿಸಿದ ಬಕೆಟ್ಟಿನ ತಳಕ್ಕೆ ಕೈ ಹಾಕಿ ಒಂದು ಚಿಟಿಕೆ ಮರಳು ತೆಗೆದ. ಬೆರಳಲ್ಲಿ ಉಜ್ಜಿದ. ಕರಕರ ಎಂದಿತು. ಬಿಸಿಲಿಗೆ ಹಿಡಿದ. ಒಂದೆರಡು ಕಣ ಫಳಕ್ ಎಂದವು. "ತಾತ, ಬೆಣಚು!" ಎಂದ.

ಮಕ್ಕಳೇ, ನಿಮಗೊಂದು ಮಾತು. ಬೀದಿಯಲ್ಲಿ ನಿಂತ ಧೂಳು ಹಿಡಿದ ಕಾರಿನ ಮೇಲೆ ಬೆರಳಲ್ಲಿ ಹೆಸರು ಬರೆಯಬೇಡಿ. ಧೂಳು ತೊಳೆದರೂ ಹೆಸರು ಉಳಿದೀತು. ಹಿರಿಯರಿಗೂ ಒಂದು ಮಾತು. ಒಣಧೂಳನ್ನು ಕಂಡು ಕೈ ತುರಿಸುತ್ತದೆ, ನನಗೆ ಗೊತ್ತು. ತಡೆದುಕೊಳ್ಳಿ.

ನನ್ನ ಬನಿಯನ್ ಬಟ್ಟೆ ಈಗ ಮೊಮ್ಮಗನ ಸೈಕಲ್ ಚೈನಿಗೆ ಎಣ್ಣೆ ಹಚ್ಚಲು ಇದೆ. ಬೆಳಿಗ್ಗೆ ಆರಕ್ಕೆ ಎದ್ದರೆ ಕಾರಿನ ಮೇಲೆ ಬೆರಳಗಲ ಧೂಳಿದ್ದರೂ ಮುಟ್ಟದೆ ಗಿಡಕ್ಕೆ ನೀರು ಹಾಕುತ್ತೇನೆ. ವಾಕಿಂಗ್‌ನವರು, "ಏನ್ ಸ್ವಾಮಿ, ಕಾರು ಒರೆಸೋದು ಬಿಟ್ರಾ?" ಎನ್ನುತ್ತಾರೆ. "ಭಾನುವಾರ ಬನ್ನಿ" ಎನ್ನುತ್ತೇನೆ. ಹಿಂದಿನ ಬಾಗಿಲ ಮೇಲಿನ ನಾಲ್ಕು ಗೆರೆ ಹಾಗೇ ಇವೆ. ತೊಳೆಯುವಾಗ ಆ ಭಾಗವನ್ನು ಅವನು ಯಾರಿಗೂ ಬಿಡುವುದಿಲ್ಲ. ಛಾವಣಿ ನನ್ನದು.

ಮುಂದಿನ ವಾರ ಸಿಗೋಣ.